ಹಲಗಲಿಯ ಕೋವಿ, ಕೊಡಗಿನ ಕೋವಿ

ಆಯುಧಗಳನ್ನು ಕುರಿತ ನಮ್ಮ ಶಾಸನಗಳ ಚರಿತ್ರೆಯನ್ನು ಓದತೊಡಗಿದವನಿಗೆ ಮೊದಲು ಎದುರಾಗುವುದು ಪ್ರಜೆಯ ಕ್ಷೇಮದ ಚಿಂತೆಯಲ್ಲ, ಪ್ರಭುವಿನ ಭಯ. 1857ರಲ್ಲಿ ಉತ್ತರದ ದಂಗೆಯಿಂದ ತಲ್ಲಣಗೊಂಡ ಕಂಪನಿ ಸರ್ಕಾರವು, ಪ್ರಜೆಗಳು ತಮ್ಮಲ್ಲಿರುವ ಆಯುಧಗಳನ್ನೆಲ್ಲ ತಂದೊಪ್ಪಿಸತಕ್ಕದ್ದೆಂದು ಆಜ್ಞೆ ಹೊರಡಿಸಿದಾಗ, ಮುಧೋಳ ಸಂಸ್ಥಾನದ ಹಲಗಲಿಯೆಂಬ ಸಣ್ಣ ಊರಿನ ಬೇಡರು, ಬೇಟೆಯೇ ಬಾಳುವೆಯೂ ಆಯುಧವೇ ಮಾನವೂ ಆಗಿದ್ದ ಕಾರಣದಿಂದ, ಕೊಡಲಾರೆವೆಂದರು. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ವಿಧಿಯ ವಿನೋದವೆನ್ನಬೇಕು; ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ಅದನ್ನು ಕೇಳದವರು ವಿರಳ.

ನಾಲ್ಕು ವರ್ಷ ತುಂಬುವ ಮುನ್ನವೇ, 1861ರಲ್ಲಿ, ಮೈಸೂರು ಕೊಡಗುಗಳೆರಡಕ್ಕೂ ಕಮಿಷನರನಾಗಿದ್ದ ಮಾರ್ಕ್ ಕಬ್ಬನನು ಕೊಡವರ ನಿಷ್ಠೆಯನ್ನು ಮೆಚ್ಚಿ, ನಿರಾಯುಧೀಕರಣದ ಶಾಸನವು ಅವರಿಗೆ ಅನ್ವಯಿಸದೆಂದು ಘೋಷಿಸಿದನು. ಬೇಡನ ಕೋವಿಯು ಕೊಡವನ ಕೋವಿಗಿಂತ ಊರಿಗೆ ಹೆಚ್ಚು ಅಪಾಯಕಾರಿಯೇ ಎಂದು ಯಾರೂ ಅಳೆದು ನೋಡಿರಲಿಲ್ಲ. ಅಳೆದದ್ದು, ಅದನ್ನು ಹಿಡಿದ ಕೈ ಯಾರ ಪಕ್ಷದ್ದು ಎಂಬುದೊಂದನ್ನೇ. 1878ರ ಆಯುಧ ಶಾಸನವು ಇದೇ ಅಳತೆಗೋಲನ್ನು ದೇಶಕ್ಕೆಲ್ಲ ವಿಸ್ತರಿಸಿ, ಭಾರತೀಯನಿಗೆ ಪರವಾನಗಿಯ ಕಟ್ಟನ್ನೂ ಯುರೋಪಿಯನ್ನನಿಗೆ ವಿನಾಯಿತಿಯನ್ನೂ ದಯಪಾಲಿಸಿತು. ಸ್ವತಂತ್ರ ಭಾರತದ ಶಾಸನವು ಈ ಅಳತೆಗೋಲನ್ನು ಬಹುಮಟ್ಟಿಗೆ ತೊರೆದಿದೆಯಾದರೂ ಆಡಳಿತದ ಅಭ್ಯಾಸವು ಇನ್ನೂ ತೊರೆದಿಲ್ಲವೆಂಬುದೂ, ಕೋವಿಯುಳ್ಳವರ ನ್ಯಾಯವಾದ ದೂರುಗಳೂ ಕೋವಿಗೆ ಅಂಜುವವರ ನ್ಯಾಯವಾದ ಆತಂಕಗಳೂ ಬಹುಪಾಲು ಈ ಒಂದೇ ದೋಷದಿಂದ ಹುಟ್ಟಿವೆಯೆಂಬುದೂ ನನ್ನ ಅಭಿಪ್ರಾಯ.

ವಿದೇಶೀ ಸರ್ಕಾರವು ಕಸಿದುಕೊಂಡದ್ದನ್ನು ಸ್ವರಾಜ್ಯವು ಹಿಂದಿರುಗಿಸಬೇಕೆಂಬ ಆಸೆ ಸಹಜವೇ ಆಗಿತ್ತು. 1931ರ ಕರಾಚಿ ಕಾಂಗ್ರೆಸ್ಸು ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವಿಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಅದನ್ನು ನೆನೆದು, 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾಸಭೆಯ ಮುಂದೆ ತಿದ್ದುಪಡಿಯೊಂದನ್ನು ತಂದವರು ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು. ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ, ಕಳ್ಳನಿಗೂ ಪಾತಕಿಗೂ ಆ ಹಕ್ಕು ಸಲ್ಲಬೇಕೇ ಎಂದು ಕೇಳಿದರು, ತಿದ್ದುಪಡಿ ಬಿದ್ದುಹೋಯಿತು. ಹೈದರಾಬಾದಿನ ತಾರ್ನಾಕದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನಗೆ, ಆ ಚರ್ಚೆಯ ಕಾಲವು ಚರ್ಚೆಯಷ್ಟೇ ಅರ್ಥವತ್ತಾಗಿ ತೋರುತ್ತದೆ. ಈ ನಗರಕ್ಕೆ ಭಾರತದ ಸೈನ್ಯ ಬಂದು ಮೂರು ತಿಂಗಳೂ ಕಳೆದಿರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡವನ್ನೇ ನಡೆಸಿದ್ದರು. ಗೋರ್ಟಾವನ್ನು ನೆನೆದವನು ಕಾಮತರ ಪಕ್ಷವಹಿಸಿ, ರೈತನ ಕೈಯಲ್ಲಿ ಬಂದೂಕಿದ್ದಿದ್ದರೆ ಎನ್ನಬಹುದು. ಖಾಸಗಿ ಪಡೆಯೊಂದರ ಕೈಗೆ ಬಂದೂಕು ಹೋದುದರಿಂದಲೇ ಅಲ್ಲವೆ ಗೋರ್ಟಾ ಆದದ್ದು ಎಂದು ಅಂಬೇಡ್ಕರರ ಪಕ್ಷವನ್ನೂ ವಹಿಸಬಹುದು. ನಾನು ಎರಡನೆಯ ಪಕ್ಷದವನು. ಆ ಅನಾಹುತವನ್ನು ನಿಲ್ಲಿಸಿದ್ದು ಮನೆಮನೆಯ ಕೋವಿಯಲ್ಲ, ರಾಜ್ಯವೊಂದರ ಸೈನ್ಯ.

ಇಂತಿರಲು, ಆಯುಧವಿಟ್ಟುಕೊಳ್ಳುವುದು ಅಮೆರಿಕದಲ್ಲಿರುವಂತೆ ನಮ್ಮಲ್ಲಿ ಸಂವಿಧಾನದತ್ತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 2023ರಲ್ಲಿ ಮತ್ತೊಮ್ಮೆ ನೆನಪಿಸಿದ್ದು ಯಥೋಚಿತವಾಗಿಯೇ ಇದೆ. ಆದರೆ ಮೂಲಭೂತ ಹಕ್ಕಲ್ಲ ಎಂಬ ಮಾತಿನಿಂದ, ಪರವಾನಗಿಯು ಅಧಿಕಾರಿಯ ಕೃಪಾಪ್ರಸಾದವೆಂಬ ನಿರ್ಣಯಕ್ಕೆ ಜಿಗಿಯುವವರು 1959ರ ಆಯುಧ ಕಾಯಿದೆಯನ್ನು ಓದಿದವರಲ್ಲ. ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಪ್ರಾಮಾಣಿಕವಾಗಿ ಬೇಡುವ ಅರ್ಹನಿಗೆ ಪರವಾನಗಿ ಕೊಡತಕ್ಕದ್ದೆಂದೇ ಆ ಕಾಯಿದೆಯ 13ನೆಯ ಪ್ರಕರಣವು ಹೇಳುತ್ತದೆ. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ನಿರಾಕರಿಸಕೂಡದೆಂದೂ, ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕೆಂದೂ 14ನೆಯದು ವಿಧಿಸುತ್ತದೆ. 18ನೆಯದು ಮೇಲ್ಮನವಿಯ ದಾರಿಯನ್ನು ತೆರೆದಿಡುತ್ತದೆ. ಬಡ ಹಿಡುವಳಿದಾರನ ಪರವಾಗಿ ಇಷ್ಟು ಸ್ಪಷ್ಟವಾಗಿ ಮಾತನಾಡುವ ಕಾನೂನುಗಳು ನಮ್ಮಲ್ಲಿ ಬಹಳವಿಲ್ಲ.

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಚುನಾವಣೆ ಘೋಷಣೆಯಾಯಿತೆಂದರೆ ಈ ಸ್ಪಷ್ಟತೆಯೆಲ್ಲ ಮಸುಕಾಗುವುದು. ತೋಟದ ಮನೆಯಲ್ಲಿ ಒಂಟಿ ನಳಿಗೆಯ ಹಳೆಯ ಕೋವಿಯೊಂದನ್ನಿಟ್ಟುಕೊಂಡು, ಹಂದಿ ಮಂಗಗಳನ್ನು ಬೆದರಿಸಲು ಆಗೊಮ್ಮೆ ಈಗೊಮ್ಮೆ ಒಂದು ಈಡು ಹಾರಿಸುವ, ಹುಟ್ಟಿದಂದಿನಿಂದ ಪೊಲೀಸು ಠಾಣೆಯ ಮೆಟ್ಟಿಲನ್ನೇ ತುಳಿಯದ ಕೃಷಿಕನೂ, ರೌಡಿಪಟ್ಟಿಯವನೊಡನೆ ಸಾಲಿನಲ್ಲಿ ನಿಂತು ಕೋವಿಯನ್ನು ಠೇವಣಿಯಿಡಬೇಕು. ಫಲಿತಾಂಶ ಬರುವವರೆಗಿನ ವಾರಗಳಲ್ಲಿ ಬೆಳೆಯನ್ನು ಹಂದಿಗಳ ವಿವೇಚನೆಗೆ ಬಿಡಬೇಕು. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯು ಪರವಾನಗಿದಾರರನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಗಳಲ್ಲಿ ತೊಡಗಿದ್ದವರು ಇಂಥವರ ಆಯುಧಗಳನ್ನು ಪಡೆಯಬೇಕೆಂಬುದೇ ಚುನಾವಣಾ ಆಯೋಗದ ಸೂಚನೆಯ ತಾತ್ಪರ್ಯ. ಆದರೆ ಒಬ್ಬೊಬ್ಬರನ್ನು ನೋಡುವುದು ಶ್ರಮದ ಕೆಲಸ. ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದು ಸುಲಭ. ಹೀಗಾಗಿ ಕೃಷಿಕನು ಉಚ್ಚ ನ್ಯಾಯಾಲಯದವರೆಗೆ ಹೋಗಿ, ಕಾಯಿದೆಯು ತನಗಾಗಲೇ ಕೊಟ್ಟದ್ದನ್ನು ಮತ್ತೆ ಬೇಡಬೇಕಾಗುತ್ತದೆ. ಇಲ್ಲಿ ಕೆಲಸ ಮಾಡುತ್ತಿರುವುದು 1857ರ ಮನೋಧರ್ಮವೇ: ಆಯುಧವುಳ್ಳ ಪ್ರಜೆಯೆಲ್ಲ ಸಂದೇಹಪಾತ್ರ.

ಸಂದೇಹವು ಹೀಗೆ ಎಲ್ಲರ ಮೇಲೂ ಹರಡಿ ತೆಳುವಾದಾಗ ನಿಜವಾದ ಪಾತಕಿಗೆ ಅನುಕೂಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನೂ ಅವರವರ ಮನೆಯ ಬಾಗಿಲಲ್ಲಿಯೇ ಕೊಂದ ಗುಂಡುಗಳು 7.65 ಮಿ.ಮೀ. ನಾಡಪಿಸ್ತೂಲಿನಿಂದ ಹೊರಟವೆಂದು ತನಿಖೆಯು ಹೇಳಿತು. ಅಂಥ ಪಿಸ್ತೂಲಿಗೆ ಪರವಾನಗಿಯೂ ಇರದು, ನವೀಕರಣದ ದಿನಾಂಕವೂ ಇರದು. ಚುನಾವಣೆ ಬಂದಿತೆಂದು ಅದನ್ನು ಯಾರೂ ಠೇವಣಿಯಿಡಲಾರರು. ಠಾಣೆಯ ಸಿಬ್ಬಂದಿಯು ಕೃಷಿಕರ ಕೋವಿಗಳನ್ನು ಎಣಿಸಿ ಚೀಟಿ ಕಟ್ಟುವುದರಲ್ಲಿ ಕಳೆಯುವ ದಿನಗಳು, ಕಳ್ಳತಯಾರಿಕೆಯ ಜಾಡು ಹಿಡಿಯುವ ಕೆಲಸದಿಂದ ಕಳೆದುಹೋದ ದಿನಗಳೇ.

ಇಷ್ಟರಿಂದ ಕೋವಿಯವರು ಹಿಗ್ಗಬೇಕಾದದ್ದೇನೂ ಇಲ್ಲ. ರಾತ್ರಿ ಬೇಟೆಗೆಂದು ಕದ್ದು ಹೋಗಿ, ಪೊದೆಯಲ್ಲಿ ಅಲುಗಿದ್ದು ಹಂದಿಯೆಂದು ಬಗೆದು ಜೊತೆಗಾರನಿಗೇ ಗುಂಡಿಕ್ಕಿದ ವಾರ್ತೆ ನಮ್ಮ ಪತ್ರಿಕೆಗಳಿಗೆ ಹೊಸತಲ್ಲ. ಮದುವೆಯ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿ ಶ್ರೀಮಂತಿಕೆ ಮೆರೆಯುವ ಚಪಲವಂತೂ ಉತ್ತರದಿಂದ ದಕ್ಷಿಣದವರೆಗೆ ಹಬ್ಬಿದೆ. 2019ರ ತಿದ್ದುಪಡಿಯು ಸಂಭ್ರಮದ ಗುಂಡಿಗೆ 2 ವರ್ಷಗಳವರೆಗಿನ ಸೆರೆಯನ್ನೋ 1 ಲಕ್ಷ ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಿತು. ಒಬ್ಬನಿಗೆ 3 ಕೋವಿಗಳೆಂದಿದ್ದುದನ್ನು 2ಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಮೂರೂ ಸರಿಯೇ. 2016ರ ನಿಯಮಗಳು ಕೇಳುವ ಸುರಕ್ಷತಾ ತರಬೇತಿಯು ಕಾಗದದ ಪ್ರಮಾಣಪತ್ರವಾಗಿ ಮುಗಿಯದೆ ನಿಜವಾಗಿ ನಡೆದರೆ ಇನ್ನೂ ಸರಿ.

ಉಳಿದದ್ದು ಕೊಡಗಿನ ಪ್ರಶ್ನೆ. ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುವ, ಪುತ್ತರಿಯ ಮೊದಲ ಕದಿರನ್ನು ಕೊಯ್ಯುವಾಗ ಗುಂಡು ಹಾರಿಸುವ, ಗಂಡುಮಗುವಿನ ಜನನವನ್ನು ಒಂದು ಗುಂಡಿನಿಂದಲೂ ಮರಣವನ್ನು ಎರಡು ಗುಂಡುಗಳಿಂದಲೂ ಊರಿಗೆ ತಿಳಿಸುವ ಆಚಾರವು ಈ ನಾಡಿನ ಸಂಪತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ; ಆಯುಧವನ್ನು ಹಿರಿಯರಂತೆ ಗೌರವಿಸುವ ಮನೆಯಲ್ಲಿ ಅದು ಆಟಿಕೆಯಾಗುವ ಸಂಭವ ಕಡಿಮೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ಜಾತಿಯನ್ನೂ ವಂಶಾನುಗತ ಭೂಮಿಯನ್ನೂ ಆಧರಿಸಿದ್ದೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಪ್ರಶ್ನಿಸಿದಾಗ, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು, ಸ್ವಾತಂತ್ರ್ಯಪೂರ್ವದಿಂದ ನಡೆದುಬಂದಿರುವುದನ್ನೂ ಅದು ನಿರ್ದಿಷ್ಟ ಅವಧಿಗೆ ಸೀಮಿತವಾಗಿರುವುದನ್ನೂ ಗಮನಿಸಿ ಅದನ್ನು ಎತ್ತಿಹಿಡಿಯಿತು. ಆ ತೀರ್ಪಿಗೆ ತಲೆಬಾಗಿಯೂ ಒಂದು ಮಾತನ್ನು ಹೇಳಬಹುದು: ನ್ಯಾಯಾಲಯವು ಸಿಂಧುವೆಂದದ್ದೆಲ್ಲ ಶಾಸಕನ ಪಾಲಿಗೆ ಶ್ರೇಷ್ಠವೆಂದಾಗದು. ಅದೇ ಕಾಡಿನಂಚಿನಲ್ಲಿ, ಅದೇ ಹಂದಿಯ ಕಾಟವನ್ನನುಭವಿಸುತ್ತ, ಕೊಡವನೂ ಅಲ್ಲದ ಜಮ್ಮಾ ಭೂಮಿಯೂ ಇಲ್ಲದ ರೈತನು ಪರವಾನಗಿಗಾಗಿ ಅರ್ಜಿ ಹಿಡಿದು ಅಲೆಯಬೇಕಾಗಿರುವುದಕ್ಕೆ, ಕಬ್ಬನನ ಘೋಷಣೆಯನ್ನು ಬಿಟ್ಟರೆ ಬೇರೆ ಸಮರ್ಥನೆಯನ್ನು ನಾನು ಕಾಣೆ.

ಈ ವಿನಾಯಿತಿಯನ್ನು ಕೊಟ್ಟಿರುವ ಈಗಿನ ಅಧಿಸೂಚನೆಯ ಅವಧಿಯು 2029ರ ಅಕ್ಟೋಬರಿನಲ್ಲಿ ಮುಗಿಯುವುದು. ಅದನ್ನು ಹಾಗೆಯೇ ಇನ್ನೊಮ್ಮೆ ಮುಂದುವರಿಸುವುದಕ್ಕೂ ಒಮ್ಮೆಗೇ ರದ್ದುಗೊಳಿಸುವುದಕ್ಕೂ ನಡುವೆ ಒಂದು ದಾರಿಯಿದೆ: ವಿನಾಯಿತಿಯ ಆಧಾರವನ್ನು ವಂಶದಿಂದ ನೆಲೆ ಮತ್ತು ನಡತೆಗಳಿಗೆ ಬದಲಿಸಿ, ಕೊಡಗಿನಲ್ಲಿ ನೆಲೆಸಿ ಸಾಗುವಳಿ ಮಾಡುವ, ತರಬೇತಿ ಪಡೆದ, ದೋಷಾರೋಪವಿಲ್ಲದ ಯಾವ ಮನೆಗೂ ಒಂದು ಕೋವಿಯನ್ನು ಅನುಮತಿಸುವುದು, ಪ್ರತಿಯೊಂದು ಕೋವಿಯೂ ಜಿಲ್ಲಾಧಿಕಾರಿಯ ದಾಖಲೆಯಲ್ಲಿ ತನ್ನ ಸಂಖ್ಯೆಯೊಡನೆ ಇರತಕ್ಕದ್ದೆಂದು ವಿಧಿಸುವುದು, ಹಬ್ಬದ ಹಾಗೂ ಜನನಮರಣಗಳ ಗುಂಡನ್ನು ಸಂಭ್ರಮದ ಗುಂಡಿನ ನಿಷೇಧದಿಂದ ಸ್ಪಷ್ಟವಾದ ಮಾತುಗಳಲ್ಲಿ ಹೊರಗಿಡುವುದು. ಈ ಕರಡನ್ನು ಸಿದ್ಧಪಡಿಸಲು ಮಡಿಕೇರಿಯ ಜಿಲ್ಲಾಡಳಿತವು ಅವಧಿಯ ಕೊನೆಯ ತಿಂಗಳನ್ನು ಕಾಯಬೇಕಾಗಿಲ್ಲ.