ಎಂಜಿನ್ನಿನ ಉಸಿರಾಟ

ಅಮೆರಿಕದ ಫೋರ್ಡ್ ಪಿಕಪ್ ವಾಹನಗಳಲ್ಲಿ 1965ರಿಂದ 1996ರವರೆಗೆ ಬಳಕೆಯಲ್ಲಿದ್ದ 4.9 ಲೀಟರಿನ ಆರು ಸಿಲಿಂಡರುಗಳ ಎಂಜಿನ್ನಿನ ಬಲವನ್ನು ಹೆಚ್ಚಿಸಬಯಸುವವರು ಕಾರ್ಬುರೇಟರನ್ನು ಮಾತ್ರವೇ ದೊಡ್ಡದಾಗಿಸುವುದು ವ್ಯರ್ಥವ್ಯಯವೆಂದು ನಾವು ಭಾವಿಸುತ್ತೇವೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದು ಸುಮಾರು 7,350 ಲೀಟರಿನಷ್ಟು ಗಾಳಿಯನ್ನು ಸೆಳೆಯಬೇಕು. ಉರಿದ ಅನಿಲವೆಲ್ಲವನ್ನೂ ಹೊರದೂಡಬೇಕು. ನಿಶ್ವಾಸದ ದಾರಿ ಇಕ್ಕಟ್ಟಾದರೆ ಹೊಗೆ ಒಳಗೇ ಉಳಿದು ಹೊಸ ಗಾಳಿಗೆ ಎಡೆಗೊಡದು. 1987ರಲ್ಲಿ ಇಂಧನವನ್ನು ಸಿಂಪಡಿಸುವ ಪದ್ಧತಿಯನ್ನು ಅಳವಡಿಸಿದಾಗ ತಯಾರಕರು ಹೊಗೆಯ ಮ್ಯಾನಿಫೋಲ್ಡನ್ನೂ ಮೂರು ಮೂರು ಸಿಲಿಂಡರುಗಳಿಗೆ ಒಂದರಂತೆ ಎರಡಾಗಿಸಿದರು. ಹಾಗೆಂದು ಅತಿ ಅಗಲವಾದ ಕೊಳವೆಯೂ ಸಲ್ಲದು: ಅನಿಲದ ವೇಗ ಕುಗ್ಗಿ, ಹೊರೆಯೆಳೆಯಲು ಬೇಕಾದ, ನಿಧಾನಗತಿಯಲ್ಲಿನ ಬಲವೇ ಸೊರಗುವುದು. ಉಚ್ಛ್ವಾಸ ನಿಶ್ವಾಸಗಳೆರಡನ್ನೂ ಒಟ್ಟಿಗೆ, ಹದವರಿತು ತಿದ್ದುವುದೇ ವಿವೇಕ. ಕೊಳ್ಳುವ ಮುನ್ನ ಲೆಕ್ಕ ಹಾಕಿರೆಂಬುದೇ ತರುಣ ವಾಚಕರಿಗೆ ನಮ್ಮ ಸಲಹೆ.