ಸಾರಥಿಯಿಲ್ಲದ ರಥ

ಸುಗ್ಗಿಯ ದಿನಗಳಲ್ಲಿ ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಬಸ್ಸಿನಲ್ಲಿ ಹೋದವರು ಈ ನೋಟವನ್ನು ಕಂಡೇ ಇರುತ್ತಾರೆ. ಟಾರು ರಸ್ತೆಯ ಅರ್ಧಭಾಗಕ್ಕೆ ಹುರುಳಿಯ ಗಿಡಗಳನ್ನು ಹಾಸಿ, ಅಂಚಿನಲ್ಲಿ ನಾಲ್ಕು ಕಲ್ಲುಗಳನ್ನಿಟ್ಟು, ರೈತರು ಬದಿಯ ಮರದ ನೆರಳಿನಲ್ಲಿ ಕಾದಿರುತ್ತಾರೆ. ಗಾಲಿಗಳು ಉರುಳಿದಷ್ಟೂ ಕಾಳು ಬಿಡುತ್ತದೆ. ಕಾನೂನು ಒಪ್ಪದ ಕಣ ಅದು. ಬೈಕಿನವರು ಜಾರಿ ಬಿದ್ದದ್ದೂ ಉಂಟು. ಕಳೆದ ವರ್ಷ ನಾನು ಕುಳಿತಿದ್ದ ಬಸ್ಸಿನ ಚಾಲಕ ದೂರದಿಂದಲೇ ವೇಗ ತಗ್ಗಿಸಿದ; ಎದುರಿಗೆ ಬರುತ್ತಿದ್ದ ತೆಂಗಿನಕಾಯಿ ಲಾರಿಗೆ ದೀಪ ಮಿನುಗಿಸಿ ಮೊದಲು ಹೋಗೆಂದು ಸನ್ನೆಮಾಡಿದ; ಮೊರ ಹಿಡಿದು ಬಗ್ಗಿದ್ದ ಹೆಂಗಸು ತಲೆಯೆತ್ತಿ ಪಕ್ಕಕ್ಕೆ ಸರಿಯುವವರೆಗೆ ತಡೆದ; ಆಮೇಲೆ ಎಡಗಾಲಿಗಳನ್ನು ಸರಿಯಾಗಿ ಹುರುಳಿಯ ಮೇಲೆಯೇ ಹಾಯಿಸಿದ. ಆಕೆ ನಕ್ಕಳು. ಎಲ್ಲವೂ ಅರ್ಧ ನಿಮಿಷದಲ್ಲಿ ಮುಗಿಯಿತು.

ಚಾಲಕನಿಲ್ಲದ ಕಾರು ಎಂದಾದರೂ ಮನುಷ್ಯನಿಗೆ ಸಮನಾದೀತೇ ಎಂದು ವಿದ್ಯಾರ್ಥಿಗಳು ಈಚೆಗೆ ಕೇಳಿದಾಗ, ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ಅರ್ಧ ನಿಮಿಷ. ಆ ಚಾಲಕ ಮಾಡಿದ್ದು ಬರಿಯ ವಾಹನ ಚಾಲನೆಯಲ್ಲ, ಮಾತಿಲ್ಲದ ಒಂದು ಸಂಭಾಷಣೆ. ಯಂತ್ರದ ಕಣ್ಣಿಗೆ ಹುರುಳಿ ಒಂದು ಅಡಚಣೆ. ಅದು ನಿಂತುಬಿಡುತ್ತಿತ್ತು, ಬಹುಶಃ ಸಂಜೆಯವರೆಗೂ.

ಆದರೆ ಇಷ್ಟಕ್ಕೇ ತೀರ್ಪು ಕೊಟ್ಟು ಮೀಸೆ ತಿರುವುವುದು ನ್ಯಾಯವಲ್ಲ. 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾ, ಮೊಹಾವಿ ಮರುಭೂಮಿಯಲ್ಲಿ ಇಂಥ ವಾಹನಗಳಿಗೆ ಒಂದು ಸ್ಪರ್ಧೆಯನ್ನು ಏರ್ಪಡಿಸಿತ್ತು. ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಹನ್ನೆರಡು ಕಿಲೋಮೀಟರನ್ನೂ ಪೂರೈಸಲಿಲ್ಲ. ಮರುವರ್ಷವೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರು ಸುಮಾರು 212 ಕಿಲೋಮೀಟರಿನ ಹಾದಿಯನ್ನು ಮುಗಿಸಿ ಗೆದ್ದಿತು. 2020ರಲ್ಲಿ ವೇಮೊ ಕಂಪನಿ ಫೀನಿಕ್ಸ್ ನಗರದ ಆಸುಪಾಸಿನಲ್ಲಿ ಚಾಲಕನಿಲ್ಲದ ಬಾಡಿಗೆ ಕಾರನ್ನು ಸಾರ್ವಜನಿಕರಿಗೆ ತೆರೆಯಿತು. ಮನುಷ್ಯರು ನಡೆಸುವ ಕಾರುಗಳಿಗಿಂತ ತನ್ನವುಗಳಿಂದ ಗಾಯಗೊಂಡವರು ಬಹಳ ಕಡಮೆಯೆಂದು ಅದು ಲೆಕ್ಕ ಕೊಡುತ್ತದೆ. ಕಂಪನಿಯೇ ಬರೆದ ಲೆಕ್ಕವೆಂಬುದನ್ನು ಮರೆಯದೆ ಓದಬೇಕು, ಆದರೂ ಓದಬೇಕು.

ಇನ್ನೊಂದು ಪುಟವೂ ಇದೆ. 2018ರ ಮಾರ್ಚಿಯಲ್ಲಿ ಅರಿಜೋನದ ಟೆಂಪಿ ಊರಿನಲ್ಲಿ, ರಾತ್ರಿಯ ವೇಳೆ ಸೈಕಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳಿಗೆ ಊಬರ್ ಕಂಪನಿಯ ಪರೀಕ್ಷಾ ಕಾರು ಬಡಿದು ಆಕೆ ಸತ್ತಳು. ಯಂತ್ರ ಆಕೆಯನ್ನು ಕಾಣಲಿಲ್ಲವೆಂದಲ್ಲ. ಕಂಡಿತು, ಒಮ್ಮೆ ವಾಹನವೆಂದು, ಒಮ್ಮೆ ಸೈಕಲೆಂದು, ಒಮ್ಮೆ ಇನ್ನಾವುದೋ ವಸ್ತುವೆಂದು ಬಗೆಯಿತು. ದಾಟುವ ಪಟ್ಟೆಯಿಲ್ಲದ ಕಡೆಯಲ್ಲಿ ಮನುಷ್ಯರು ದಾಟಬಹುದೆಂಬುದನ್ನು ಅದಕ್ಕೆ ಕಲಿಸಿರಲೇ ಇಲ್ಲವೆಂದು ಮರುವರ್ಷದ ತನಿಖೆ ತಿಳಿಸಿತು. ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಪಟ್ಟೆಯನ್ನು ಹುಡುಕಿಕೊಂಡು ಹೋಗಿ ದಾಟುವವರನ್ನು ಯಾರಾದರೂ ಕಂಡಿದ್ದರೆ ದಯಮಾಡಿ ನನಗೂ ತೋರಿಸಬೇಕು. ಆದರೆ ಆ ಕಾರಿನಲ್ಲಿ, ಯಂತ್ರ ತಪ್ಪಿದರೆ ತಿದ್ದಲೆಂದೇ ಒಬ್ಬ ಮನುಷ್ಯವ್ಯಕ್ತಿಯೂ ಕುಳಿತಿದ್ದರು. ಅವರ ಕಣ್ಣು ಮೊಬೈಲ್ ಫೋನಿನ ಮೇಲಿತ್ತು.

ನಮ್ಮ ದೇಶದ ವಿದ್ವಾಂಸರೂ ಸುಮ್ಮನೆ ಕುಳಿತಿಲ್ಲ. ಹೈದರಾಬಾದಿನ ಐಐಐಟಿಯವರು ಅಲ್ಲಿನ ಮತ್ತು ಬೆಂಗಳೂರಿನ ರಸ್ತೆಗಳ ಚಿತ್ರಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೆಗೆದು, ಆಟೋ ಯಾವುದು, ಪ್ರಾಣಿ ಯಾವುದು ಎಂದು ಗುರುತು ಹಚ್ಚಿ, 2018ರಲ್ಲಿ ಲೋಕಕ್ಕೆ ಒದಗಿಸಿದರು. 2025ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ವಿಪ್ರೊ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಮಾದರಿ ಕಾರೊಂದು ಬೆಂಗಳೂರಿನಲ್ಲಿ ಓಡಿತು. ಇತ್ತ ಕೇಂದ್ರದ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ 2023ರಲ್ಲಿಯೂ ಇಂಥ ಕಾರುಗಳಿಗೆ ಇಲ್ಲಿ ಅವಕಾಶವಿಲ್ಲವೆಂದರು. ಚಾಲಕರ ಅನ್ನ ಹೋಗುತ್ತದೆಂಬುದು ಅವರು ಕೊಟ್ಟ ಕಾರಣ. ಗೌರವಕ್ಕೆ ಅರ್ಹವಾದ ಕಾರಣವೇ. ಆದರೆ 2022ರೊಂದರಲ್ಲಿಯೇ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಅದೇ ಸಚಿವಾಲಯದ ವರದಿ ಹೇಳುತ್ತದೆ. ಅವರ ಮನೆಯವರ ಮುಂದೆ ಆ ಕಾರಣ ನಿಲ್ಲುವುದಿಲ್ಲ.

ನಮಗೆ ಲೆಕ್ಕಕ್ಕಾಗಿ ದೆಹಲಿಯವರೆಗೆ ಹೋಗುವ ಅಗತ್ಯವೂ ಇಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ, ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಹೆದ್ದಾರಿಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ವಿಸರ್ಜನೆಯ ಮೆರವಣಿಗೆ ನಡೆಯುತ್ತಿತ್ತು. ಲಾರಿಯೊಂದು ಬೈಕನ್ನು ತಪ್ಪಿಸಲು ಹೋಗಿ ಜನರ ಮೇಲೆ ನುಗ್ಗಿತೆಂದು ಆಗ ವರದಿಯಾಯಿತು. ಸತ್ತವರಲ್ಲಿ ಹಲವರು ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರು. ಇಂಥ ಯಂತ್ರಗಳನ್ನು ನಾಳೆ ಕಟ್ಟಬಹುದಾಗಿದ್ದ ಕೈಗಳು ಅವು.

ಆದ್ದರಿಂದ ಸಮನಾದೀತೇ ಎಂದು ಕೇಳುವವರನ್ನು ನಾನು ಮರಳಿ ಕೇಳುತ್ತೇನೆ: ಯಾವ ಮನುಷ್ಯನಿಗೆ? ಹುರುಳಿಯ ಮೇಲೆ ಗಾಲಿ ಹಾಯಿಸಿದ ಆ ಚಾಲಕನಿಗೋ, ಮೂರು ರಾತ್ರಿಗಳಿಂದ ನಿದ್ರೆಯಿಲ್ಲದೆ ಶಿರಾಡಿ ಘಟ್ಟವನ್ನು ಹತ್ತಿಬಂದವನಿಗೋ? ಎರಡನೆಯವನನ್ನು ಯಂತ್ರ ಚನ್ನರಾಯಪಟ್ಟಣದ ಚತುಷ್ಪಥದಲ್ಲಿ ಇನ್ನು ಕೆಲವು ವರ್ಷಗಳಲ್ಲಿ ಮೀರಿಸಿದರೆ ನನಗೆ ಆಶ್ಚರ್ಯವಿಲ್ಲ. ಅದಕ್ಕೆ ತೂಕಡಿಕೆಯಿಲ್ಲ, ಹೆಂಡದ ಚಟವಿಲ್ಲ, ಮಾಲೀಕನ ಅವಸರದ ಕರೆಯಿಲ್ಲ. ಮೊದಲನೆಯವನನ್ನು ಗೊರೂರಿನ ಮೇಲೆ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಸರಿಗಟ್ಟುವುದನ್ನು ನನ್ನ ಆಯುಷ್ಯದಲ್ಲಿ ಕಾಣುವೆನೆಂಬ ನಂಬಿಕೆ ನನಗಿಲ್ಲ. ಅಲ್ಲಿ ಗೆರೆಯಿಲ್ಲ, ಅಂಚಿಲ್ಲ. ಊರವರೇ ಹಾಕಿಕೊಂಡ, ಬಣ್ಣ ಕಾಣದ ಉಬ್ಬುಗಳಿವೆ. ಅವುಗಳ ಜಾಗ ಅಲ್ಲಿ ಓಡಾಡುವ ಚಾಲಕನ ಬೆನ್ನಿಗೆ ಗೊತ್ತು.

ಚಕ್ರವನ್ನು ಯಂತ್ರದ ಕೈಗೆ ಕೊಡುವ ಮೊದಲು ಬ್ರೇಕನ್ನು ಕೊಡೋಣವೆಂಬುದು ನನ್ನ ಮತ. ಮುಂದೆ ಅಡ್ಡ ಬಂದದ್ದನ್ನು ಕಂಡು ತಾನೇ ಗಾಡಿಯನ್ನು ತಡೆಯುವ ವ್ಯವಸ್ಥೆಯನ್ನು ಯೂರೋಪಿನ ಒಕ್ಕೂಟ ಹೊಸ ಭಾರಿ ಲಾರಿಗಳಿಗೆ 2015ರಲ್ಲಿಯೇ ಕಡ್ಡಾಯ ಮಾಡಿತು. ಅದು ಮೊದಲು ಕಲಿತದ್ದು ಮುಂದಿನ ವಾಹನವನ್ನು ಕಾಣಲು. ಮನುಷ್ಯರನ್ನು ಕಾಣಲು ಕಲಿತದ್ದು ಆಮೇಲೆ. ಮೊಸಳೆಹೊಸಹಳ್ಳಿಯ ಆ ರಾತ್ರಿ ಅದೊಂದೇ ಸಾಕಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಹಾಸನವನ್ನು ಹಾದುಹೋಗುವ ಲಾರಿಗಳಿಗೆ ಮೊದಲು ಅಂಥ ಬ್ರೇಕು ಬರಲಿ, ಅವನ್ನು ನಡೆಸುವವರಿಗೆ ರಾತ್ರಿಯ ನಿದ್ರೆ ಸಿಗಲಿ. ಹುರುಳಿಯ ಮೇಲೆ ಗಾಲಿ ಹಾಯಿಸುವ ವಿದ್ಯೆಯನ್ನು ಯಂತ್ರ ನಿಧಾನವಾಗಿ ಕಲಿಯಲಿ. ಅಷ್ಟರೊಳಗೆ ಸರ್ಕಾರ ಊರೂರಿಗೊಂದು ಒಕ್ಕಣೆಯ ಕಣವನ್ನು ಕಟ್ಟಿಕೊಟ್ಟರೆ, ಅದನ್ನು ಕಲಿಯುವ ಪ್ರಸಂಗವೇ ಬಾರದೆ ಹೋಗಬಹುದು.