ಕಾರ್ಖಾನೆಯ ಗೇಟಿನ ಫಲಕವನ್ನು ಓದುವವರು ಯಾರು?

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ ಬರುವ ಕಪಿಲೆಗೆ ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶದ ನೆರೆ ಸಿಗುತ್ತದೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಕೂಡಿಕೊಂಡು ಬೆಂಗಳೂರಿನ ನಲ್ಲಿಗಳವರೆಗೂ ಹೋಗುತ್ತದೆ. ನದಿಯಂತೆಯೇ ನಮ್ಮ ಬೆಟ್ಟದಂಚಿನ ಹಳ್ಳಿಗಳ ಹುಡುಗರೂ ಕೆಳಗಿಳಿದು ಆ ಗೇಟುಗಳೊಳಗೆ ಗುತ್ತಿಗೆ ಕೆಲಸಕ್ಕೆ ಸೇರುತ್ತಾರೆ. ನದಿಯ ಬಗ್ಗೆ ಸಭೆ ಸೇರುವ ನಾವು ಆ ಹುಡುಗರ ಬಗ್ಗೆ ಏಕೆ ಮಾತನಾಡುವುದಿಲ್ಲ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಮಲಿನ ನದಿಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ಭಾಗಗಳಿದ್ದವು. ನಂಜನಗೂಡಿನ ಬಳಿಯ ಕಪಿಲೆ ಅವುಗಳಲ್ಲೊಂದು. ದೋಷವೆಲ್ಲ ಕಾರ್ಖಾನೆಗಳದ್ದೇ ಎಂದರೆ ನ್ಯಾಯವಾಗದು. ಊರ ಚರಂಡಿಯ ಪಾಲೂ ಇದೆ. ಆದರೆ ಕಾರ್ಖಾನೆಯ ರಾಸಾಯನಿಕವು ನದಿಯನ್ನು ಮುಟ್ಟುವ ಮೊದಲು ಕಾರ್ಮಿಕನ ಕೈಯನ್ನು, ಶ್ವಾಸಕೋಶವನ್ನು ಮುಟ್ಟಿರುತ್ತದೆ. ಪರಿಸರದ ಕಡತ ಒಂದು ಕಪಾಟಿನಲ್ಲಿ, ಸುರಕ್ಷತೆಯ ಕಡತ ಇನ್ನೊಂದು ಕಪಾಟಿನಲ್ಲಿ ಇರುವುದು ಕಚೇರಿಯ ಅನುಕೂಲಕ್ಕೆ ಮಾತ್ರ.

ತ್ಯಾಜ್ಯನೀರಿನ ಸಂಸ್ಕರಣಾ ತೊಟ್ಟಿಯನ್ನೇ ನೋಡಿ. ತಳದಲ್ಲಿ ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಅದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯೇ ಕುಂದಿ ನಾತ ತಿಳಿಯುವುದಿಲ್ಲ. ವಾಸನೆ ಹೋಯಿತೆಂದು ಧೈರ್ಯದಿಂದ ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಧುಮುಕಿದ ಗೆಳೆಯನೂ ಬೀಳುತ್ತಾನೆ. ಇಳಿಯುವ ಮುನ್ನ ಅನಿಲವನ್ನು ಅಳೆಯಬೇಕು, ಗಾಳಿ ಹಾಯಿಸಬೇಕು, ಸೊಂಟಕ್ಕೆ ಹಗ್ಗವಿರಬೇಕು, ಮೇಲೆ ಕಾವಲಿಗೊಬ್ಬನಿರಬೇಕು. ಇದನ್ನು ಕನ್ನಡದಲ್ಲಿ ಹೇಳಿಕೊಡಲು ಅರ್ಧ ಗಂಟೆ ಸಾಕು. ಗುತ್ತಿಗೆದಾರನಿಗೆ ಆ ಅರ್ಧ ಗಂಟೆಯೂ ದುಬಾರಿಯೆನಿಸಿದರೆ ಇಳಿಯಬೇಡಿ. ಆ ಕೆಸರನ್ನು ತೆಗೆಯದೆ ಬಿಟ್ಟರೆ ಸಂಸ್ಕರಣೆ ಕೆಡುತ್ತದೆ, ಕೆಟ್ಟ ನೀರು ಹೊಳೆಯ ದಾರಿ ಹಿಡಿಯುತ್ತದೆ.

ಕಾನೂನು ಇಲ್ಲವೆಂದಲ್ಲ. 1984ರ ಭೋಪಾಲ್ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಅಪಾಯಕಾರಿ ಪ್ರಕ್ರಿಯೆಗಳ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಯ ಜನರಿಗೂ ತಿಳಿಸಲೇಬೇಕು, ಅಪಾಯ ಕಂಡ ಕಾರ್ಮಿಕ ಎಚ್ಚರಿಸಬಹುದು ಎಂದು ಅದು ಹೇಳಿತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಈ ಎರಡೂ ಅಂಶಗಳು ಅದರಲ್ಲಿಯೂ ಇವೆ. ಯಾವ ಅಪಾಯಕಾರಿ ರಾಸಾಯನಿಕ ಎಷ್ಟಿದೆ, ನೀರಿಗೆ, ಗಾಳಿಗೆ ಏನು ಬಿಡಲಾಗುತ್ತಿದೆ ಎಂಬುದನ್ನು ಮುಖ್ಯ ಗೇಟಿನ ಹೊರಗೆ ಫಲಕದಲ್ಲಿ ಬರೆಯಬೇಕೆಂದು ಸುಪ್ರೀಂ ಕೋರ್ಟ್ 2003ರ ಅಕ್ಟೋಬರ್‌ನಲ್ಲಿಯೇ ಆದೇಶಿಸಿದೆ. ದಾರಿಹೋಕರು ಓದಲೆಂದೇ ಹೊರಗೆ ಬರೆಸಿದ್ದಲ್ಲವೇ?

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಜುಬಿಲಿಯಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಲ್ಲಿ ಕೊರೋನಾ ಕಾಣಿಸಿತು. ಕೆಲವೇ ವಾರಗಳಲ್ಲಿ ಅದಕ್ಕೆ ಸಂಬಂಧಿಸಿದ ಪ್ರಕರಣಗಳು 70 ದಾಟಿದವು. ಯಾರ ತಪ್ಪು ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಒಳಗಿನದು ಮನೆಮನೆಗೆ ಬರುವುದನ್ನು ಕಾಂಪೌಂಡ್ ಗೋಡೆ ತಡೆಯುವುದಿಲ್ಲ ಎಂಬುದನ್ನು ಆಗ ಇಡೀ ತಾಲ್ಲೂಕೇ ಕಂಡಿತು.

ತಪಾಸಣೆಯ ದಿನ ಮಾತ್ರ ಪಂಪು ಸದ್ದು ಮಾಡುವ ಕಾರ್ಖಾನೆಗಳ ಬಗ್ಗೆ ನಾವು ಚಹಾದಂಗಡಿಯಲ್ಲಿ ನಗುತ್ತೇವೆ. ಇನ್ನು ನಗುವುದು ಸಾಕು. ವಿದ್ಯಾರ್ಥಿ ಮಿತ್ರರು ನೋಟುಪುಸ್ತಕ ಹಿಡಿದು ಗೇಟುಗಳ ಮುಂದೆ ನಡೆದು ಬರಲಿ: ಫಲಕವಿದೆಯೇ, ಕನ್ನಡದಲ್ಲಿದೆಯೇ, ಅಂಕಿಗಳು ಯಾವ ತಿಂಗಳವು? ಮಂಡಳಿಯ ಸಮ್ಮತಿ ಪಡೆದ ಕಾರ್ಖಾನೆಗಳು ಮಾರ್ಚ್ 31ಕ್ಕೆ ಮುಗಿದ ವರ್ಷದ ಪರಿಸರ ವಿವರಣಾ ಪತ್ರವನ್ನು ಸೆಪ್ಟೆಂಬರ್ 30ರೊಳಗೆ ರಾಜ್ಯ ಮಂಡಳಿಗೆ ಸಲ್ಲಿಸಬೇಕು. ಎಷ್ಟು ನೀರು ಬಳಸಿದರು, ಎಷ್ಟು ಮಾಲಿನ್ಯ ಹೊರಬಿಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ಅಕ್ಟೋಬರ್‌ನಲ್ಲಿ ಅದರ ಪ್ರತಿಯನ್ನು ಕೇಳೋಣ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ; ನಮ್ಮ ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಒಂದು ಕಾರ್ಖಾನೆಗೆ ಒಂದು ಅರ್ಜಿಯಂತೆ ಬರೆದರೆ ತಿರಸ್ಕರಿಸಲು ನೆಪ ಸಿಗದು.